ಗಂಡಾಗಿ ಬೆಳೆದ ಸಭೆಗೆ ಹೆಣ್ಣಾಗಿ ಮರಳಿದವರನ್ನು ಬರಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಸಣ್ಣ ಊರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಇಲ್ಲೇ ದೀಕ್ಷಾಸ್ನಾನ, ಕನ್ಫರ್ಮೇಶನ್ (ವಿಶ್ವಾಸ ದೃಢಪಡಿಸುವ ವಿಧಿ) ಪಡೆದು, ಕ್ವಾಯರ್‌ನಲ್ಲಿ ಹಾಡುತ್ತಿದ್ದ ಹುಡುಗ ಎಷ್ಟೋ ವರ್ಷದ ಹಿಂದೆ ಮನೆ ಬಿಟ್ಟುಹೋಗಿದ್ದ. ಈಗ ಟ್ರಾನ್ಸ್ ಮಹಿಳೆಯಾಗಿ, ಹೊಸ ಹೆಸರಿಟ್ಟುಕೊಂಡು, ಸೀರೆಯುಟ್ಟು ಬಂದಿದ್ದಾರೆ. ಮೂರು ಭಾನುವಾರ ಕೊನೆಯ ಬೆಂಚಿನಲ್ಲಿ ಕೂತು, ಆರಾಧನೆ ಮುಗಿಯುವ ಮೊದಲೇ ಎದ್ದುಹೋದರು. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ರೂಢಿ. ಇವರನ್ನು ಎಲ್ಲಿ ಕೂರಿಸುವುದು? ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಕೊಡಬಹುದೇ? ರಿಜಿಸ್ಟರಿನಲ್ಲಿ ಹೆಸರು ಬದಲಿಸಬಹುದೇ? ಇದೇ ಹೊತ್ತಿಗೆ ಇನ್ನೊಂದು ಮನೆಯವರು, ‘ಮಗ ತಾನು ಗೇ ಅಂತಿದ್ದಾನೆ, ಬೇಗ ಒಂದು ಮದುವೆ ಮಾಡಿಸಿಬಿಡಿ’ ಎಂದು ಅಯ್ಯನವರ (ಸಭಾಪಾಲಕರ) ಹತ್ತಿರ ಬಂದಿದ್ದಾರೆ. ಕಮಿಟಿಯಲ್ಲಿ ಕೆಲವರಿಗೆ ಸ್ವಾಗತಿಸುವ ಮನಸ್ಸಿದೆ, ದಾರಿ ಗೊತ್ತಿಲ್ಲ.
— ಪಾಸ್ಟರೇಟ್ ಕಮಿಟಿಯ ಕಾರ್ಯದರ್ಶಿ

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ: ಅವರ ಜಾಗ ಹೆಂಗಸರ ಕಡೆ. ಇದಕ್ಕೆ ಕಮಿಟಿಯ ಠರಾವು ಬೇಕಿಲ್ಲ, ವೇದಿಕೆಯಿಂದ ಪ್ರಕಟಣೆಯಂತೂ ಬೇಡವೇ ಬೇಡ. ಬೇಕಾಗಿರುವುದು ಇಬ್ಬರು ಹೆಂಗಸರು. ಸ್ತ್ರೀಯರ ಕೂಟದಲ್ಲಿ ಎಲ್ಲರೂ ಗೌರವಿಸುವ ಒಬ್ಬ ಹಿರಿಯರನ್ನೂ ಅವರ ಜೊತೆಗೆ ಇನ್ನೊಬ್ಬರನ್ನೂ ಈ ವಾರವೇ ಮಾತಾಡಿಸಿ. ಮುಂದಿನ ಭಾನುವಾರ ಅವರು ಬಾಗಿಲ ಬಳಿ ಕಂಡಾಗ ಈ ಹಿರಿಯರು ಹೋಗಿ, ‘ಬಾಮ್ಮ, ಇಲ್ಲಿ ಜಾಗ ಇದೆ’ ಎಂದು ತಮ್ಮ ಪಕ್ಕ ಸರಿದು ಕೂರಿಸಿಕೊಳ್ಳಲಿ, ಇನ್ನೊಬ್ಬರು ಆ ಕಡೆ ಕೂರಲಿ. ಬೆಂಚಿನಲ್ಲಿ ಎರಡೂ ಬದಿಗೆ ಜನ ಇದ್ದಾರೆ ಎಂದಾದರೆ ಉಳಿದವರ ಪಿಸುಮಾತು ಮೂರ್ನಾಲ್ಕು ವಾರದಲ್ಲಿ ತಾನಾಗಿ ಇಳಿಯುತ್ತದೆ. ಅವರೇ ‘ಹಿಂದೆಯೇ ಕೂರ್ತೀನಿ’ ಎಂದರೆ ಬಲವಂತ ಮಾಡಬೇಡಿ, ಆ ಇಬ್ಬರೂ ಹಿಂದಿನ ಬೆಂಚಿಗೆ ಹೋಗಿ ಜೊತೆಗೆ ಕೂರಲಿ.

ಸಾಮಾನ್ಯವಾಗಿ ತಪ್ಪುವುದು ಎಲ್ಲಿ ಎಂದರೆ, ಒಳ್ಳೆಯ ಮನಸ್ಸಿನವರು ‘ಯಾರಿಗೂ ಮುಜುಗರ ಆಗದಿರಲಿ’ ಎಂದು ಪಕ್ಕದಲ್ಲೋ ಹಿಂದೆಯೋ ಒಂದು ಪ್ರತ್ಯೇಕ ಕುರ್ಚಿ ಹಾಕಿಸುತ್ತಾರೆ. ಆ ಕುರ್ಚಿ ಹಾಕಿದವರಿಗೆ ಅದು ಸೌಜನ್ಯ. ಅದರಲ್ಲಿ ಕೂತವರಿಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಬಿಟ್ಟು ನಿಲ್ಲುವ ಜನರ ನೆನಪು.

ಅವರು ಆರಾಧನೆ ಮುಗಿಯುವ ಮೊದಲೇ ಎದ್ದುಹೋದರು ಎಂದು ಬರೆದಿದ್ದೀರಿ. ಯಾವ ಹೊತ್ತಿಗೆ ಎದ್ದರು ಎಂಬುದನ್ನು ಗಮನಿಸಿ. ಬಹುಶಃ ಸಮಾಧಾನ ಹಂಚುವ ಹೊತ್ತಿಗೆ. 1950ರಿಂದ ಬಂದಿರುವ ಸಿಎಸ್‌ಐ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ: ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು, ಇಬ್ಬರ ಎಡಗೈಯೂ ಎದುರಿನವರ ಬಲಗೈಯನ್ನು ಮೇಲಿಂದ ಮುಚ್ಚಬೇಕು. ನಾಲ್ಕು ಕೈ ಒಂದಾಗುವ ಗಳಿಗೆ ಅದು. ಈಚೆಗೆ ಎಷ್ಟೋ ಕಡೆ ಇದು ದೂರದಿಂದ ಕೈಮುಗಿಯುವುದಕ್ಕೆ ಇಳಿದಿದೆ. ಪಕ್ಕದವರೊಂದಿಗೆ ಕೈಹಿಡಿದು, ಈ ಒಬ್ಬರ ಸರದಿ ಬಂದಾಗ ಮಾತ್ರ ಕೈಮುಗಿದರೆ ಏನು ಹೇಳಿದಂತಾಯಿತು ಎಂಬುದು ಅವರಿಗೂ ಗೊತ್ತು, ನೋಡುವ ಮಕ್ಕಳಿಗೂ ಗೊತ್ತು. ಅಯ್ಯನವರು ಒಂದು ಭಾನುವಾರ ಈ ಕ್ರಮದ ಅರ್ಥವನ್ನೇ ಪ್ರಸಂಗದಲ್ಲಿ ವಿವರಿಸಿ, ಎಲ್ಲರೂ ಹಳೆಯ ಹಾಗೆ ಅಂಗೈ ಸೇರಿಸಿ ಸಮಾಧಾನ ಕೊಡುವಂತೆ ಹೇಳಲಿ. ಯಾರ ಹೆಸರನ್ನೂ ಎತ್ತದೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮಾತಿನ ವಿಷಯದಲ್ಲಿ ಕನ್ನಡ ನಿಮಗೆ ದೊಡ್ಡ ಸಹಾಯ ಮಾಡುತ್ತದೆ. ‘ಬಂದ’, ‘ಬಂದಳು’ ಎಂದು ತಡವರಿಸುವ ಕಡೆ ‘ಬಂದರು’, ‘ಅವರು’, ‘ಹೇಳಿದರು’ ಎಂದರೆ ಗೌರವವೂ ಆಯಿತು, ತಪ್ಪುವ ಭಯವೂ ಇಲ್ಲ. ಸಲಿಗೆ ಬೆಳೆದ ಮೇಲೆ ‘ಅಕ್ಕ’, ‘ತಂಗಿ’, ‘ಸಿಸ್ಟರ್’ ತಾನಾಗಿ ಬರುತ್ತದೆ. ಹಳೆಯ ಹೆಸರನ್ನು, ಬಾಲ್ಯದಲ್ಲಿ ಎತ್ತಿ ಆಡಿಸಿದ ಅಜ್ಜಿಯೂ ಸೇರಿ, ಯಾರೂ ಬಳಸಬಾರದು. ಬಾಯಿತಪ್ಪಿ ಬಂದರೆ ‘ಕ್ಷಮಿಸಮ್ಮ’ ಎಂದು ಹೊಸ ಹೆಸರು ಹೇಳಿ ಮುಂದೆ ಹೋಗಿ. ಹತ್ತು ನಿಮಿಷ ಕ್ಷಮೆ ಕೇಳುತ್ತ ನಿಂತರೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸ ಅವರ ತಲೆಗೆ ಬರುತ್ತದೆ. ‘ಆಪರೇಷನ್ ಆಗಿದೆಯಾ?’ ಎಂಬ ಪ್ರಶ್ನೆ ಸಭೆಯಲ್ಲಿ ಬೇರೆ ಯಾರನ್ನೂ ಕೇಳದ ಪ್ರಶ್ನೆ. ಇವರನ್ನೂ ಕೇಳುವಂತಿಲ್ಲ. ಶೌಚಾಲಯ ಹೆಂಗಸರದ್ದೇ. ಚಿಲಕ ಸರಿಯಿದೆಯೇ ನೋಡಿ, ಇದು ಎಲ್ಲ ಹೆಂಗಸರಿಗೂ ಬೇಕಾದ್ದು.

ಕರ್ತನ ಭೋಜನದ ಪ್ರಶ್ನೆ ನೀವು ಅಂದುಕೊಂಡಷ್ಟು ಕಷ್ಟದ್ದಲ್ಲ. ಅವರು ದೀಕ್ಷಾಸ್ನಾನ ಪಡೆದವರು, ಕನ್ಫರ್ಮೇಶನ್ ಆದವರು. ಇಷ್ಟು ವರ್ಷ ಬರಲಿಲ್ಲ ಎಂಬ ಕಾರಣಕ್ಕೆ ದೀಕ್ಷಾಸ್ನಾನ ಅಳಿಸಿಹೋಗುವುದಿಲ್ಲ. ದುಬೈಗೆ ಹೋಗಿ ಅಷ್ಟೇ ವರ್ಷದ ಮೇಲೆ ಬಂದವರಿಗೆ ಮೇಜಿನ ಬಳಿ ಏನು ಕೇಳುತ್ತೀರೋ ಇವರಿಗೂ ಅಷ್ಟೇ ಕೇಳಿ. ಮತ್ತೆ ದೀಕ್ಷಾಸ್ನಾನ ಕೊಡುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ: ಅದು ಒಮ್ಮೆ ಮಾತ್ರ, ಹೆಸರು ಬದಲಾದರೂ ಮತ್ತೆ ನೀರಿಲ್ಲ. ಹೊಸ ಹೆಸರನ್ನು ದೇವರ ಮುಂದೆ ಹೇಳಿಕೊಳ್ಳುವ ಆಸೆ ಅವರಿಗಿದ್ದರೆ ದಾರಿ ಉಂಟು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಬಿಷಪರು 2018ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗದರ್ಶನದಲ್ಲಿ, ದೀಕ್ಷಾಸ್ನಾನದ ವಿಶ್ವಾಸವನ್ನು ಮತ್ತೆ ಅರಿಕೆ ಮಾಡುವ ಈಗಾಗಲೇ ಇರುವ ಆರಾಧನಾ ಕ್ರಮವನ್ನೇ ಇದಕ್ಕೆ ಬಳಸಬಹುದು ಎಂದಿದ್ದಾರೆ. ಅದರಲ್ಲಿ ಅಯ್ಯನವರು ಹೊಸ ಹೆಸರು ಹಿಡಿದು ಕರೆದು ಪ್ರಾರ್ಥಿಸುತ್ತಾರೆ. ನಿಮ್ಮ ಅಯ್ಯನವರು ಬಿಷಪರಿಗೆ ಒಂದು ಮಾತು ತಿಳಿಸಿ ಹೀಗೆ ಮಾಡಬಹುದು. ಆದರೆ ಅದು ಅವರು ಬಯಸಿದರೆ ಮಾತ್ರ. ಸಭೆಗೆ ಸೇರಲು ಅದು ಷರತ್ತಾಗಬಾರದು.

ಪಕ್ಕದ ಕಥೋಲಿಕರು ಹೇಗೆ ಎಂದು ಕಮಿಟಿಯಲ್ಲಿ ಕೇಳಿಯೇ ಕೇಳುತ್ತಾರೆ. 2023ರ ಅಕ್ಟೋಬರ್ 31ರಂದು ಪೋಪ್ ಫ್ರಾನ್ಸಿಸ್ ಒಪ್ಪಿಗೆ ಹಾಕಿದ ವ್ಯಾಟಿಕನ್‌ನ ಉತ್ತರವೊಂದರ ಪ್ರಕಾರ, ಸಭೆಯಲ್ಲಿ ಗೊಂದಲಕ್ಕೆ ಕಾರಣವಾಗದ ಸಂದರ್ಭದಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ದೀಕ್ಷಾಸ್ನಾನ ಪಡೆಯಬಹುದು, ಕೆಲವು ಷರತ್ತಿನ ಮೇಲೆ ಜ್ಞಾನ ತಂದೆತಾಯಿ (ದೀಕ್ಷಾಸ್ನಾನ ಪಡೆಯುವವರಿಗೆ ಹೊಣೆ ನಿಲ್ಲುವವರು) ಆಗಬಹುದು, ಮದುವೆಗೆ ಸಾಕ್ಷಿಯಾಗಿ ನಿಲ್ಲಬಹುದು. ಲೈಂಗಿಕತೆಯ ವಿಷಯದಲ್ಲಿ ಕಥೋಲಿಕ ಬೋಧನೆ ಇಂದಿಗೂ ಬದಲಾಗಿಲ್ಲ. ಬೋಧನೆ ಬದಲಾಗದೆಯೂ ಬಾಗಿಲು ಎಷ್ಟು ತೆರೆಯಬಹುದು ಎಂಬುದಕ್ಕೆ ಅದು ಉದಾಹರಣೆ.

ರಿಜಿಸ್ಟರಿನ ಮಾತು. ಇಲ್ಲಿ ಎರಡು ಬಗೆಯ ಪುಸ್ತಕಗಳಿವೆ, ಬೆರೆಸಬೇಡಿ. ದೀಕ್ಷಾಸ್ನಾನದ ರಿಜಿಸ್ಟರು ಆ ದಿನ ನಡೆದದ್ದರ ದಾಖಲೆ. ಅದರಲ್ಲಿ ಹಳೆಯ ಹೆಸರನ್ನು ಹೊಡೆದುಹಾಕುವುದು, ವೈಟ್ನರ್ ಹಚ್ಚುವುದು, ಹಾಳೆ ಅಂಟಿಸುವುದು ಯಾವುದೂ ಕೂಡದು. ನಾಳೆ ಪಾಸ್‌ಪೋರ್ಟಿಗೋ ಆಸ್ತಿ ಪಾಲಿಗೋ ಆ ಪುಟ ಬೇಕಾದಾಗ ತಿದ್ದಿದ ದಾಖಲೆ ಅವರಿಗೇ ಮುಳುವಾಗುತ್ತದೆ. ಮೂಲ ನಮೂದನ್ನು ಹಾಗೇ ಬಿಟ್ಟು, ಅಂಚಿನಲ್ಲಿ ಹೊಸ ಹೆಸರು, ಯಾವ ಸರ್ಕಾರಿ ದಾಖಲೆಯ ಆಧಾರ, ತಾರೀಖು, ಸಭಾಪಾಲಕರ ಸಹಿ ಇಷ್ಟು ಬರೆಯಬೇಕು. ಬರೆಯುವ ಮೊದಲು ಡಯಾಸಿಸ್ (ಬಿಷಪರ ಆಡಳಿತ ಪ್ರಾಂತ) ಆಫೀಸಿನಿಂದ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ. ಇನ್ನು ಸಭಾಸದಸ್ಯರ ಪಟ್ಟಿ, ಕಾಣಿಕೆಯ ಕವರು, ಹುಟ್ಟುಹಬ್ಬದ ಪಟ್ಟಿ, ಸ್ತ್ರೀಯರ ಕೂಟದ ಹಾಜರಿ: ಇವಕ್ಕೆ ಯಾವ ಸರ್ಟಿಫಿಕೇಟೂ ಬೇಡ. ಇವತ್ತೇ ಹೊಸ ಹೆಸರು ಬರೆಯಿರಿ. ತನ್ನ ಹೆಸರು ಅಚ್ಚಾದ ಕಾಣಿಕೆ ಕವರು ಕೈಗೆ ಬಂದ ದಿನ ಒಬ್ಬ ವ್ಯಕ್ತಿಗೆ ತಾನು ಈ ಸಭೆಯವಳು ಎಂದು ಅನ್ನಿಸುತ್ತದೆ. ಬ್ಯಾನರಿನಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆಸುವುದರಿಂದ ಅಷ್ಟು ಆಗುವುದಿಲ್ಲ.

ಇನ್ನು ಸತ್ಯವೇದ. ಕಮಿಟಿಯಲ್ಲಿ ಯಾರಾದರೂ ಧರ್ಮೋಪದೇಶಕಾಂಡ ತೆಗೆಯುತ್ತಾರೆ, ಸಿದ್ಧರಾಗಿ ಹೋಗಿ. 23ನೇ ಅಧ್ಯಾಯದ ಮೊದಲ ವಚನ ಬೀಜ ಒಡೆದವನನ್ನು, ಜನನಾಂಗ ಕೊಯ್ದವನನ್ನು ಕರ್ತನ ಸಭೆಯಿಂದ ಹೊರಗಿಡುತ್ತದೆ. ಹೌದು, ಹಾಗೆಂದು ಬರೆದಿದೆ. ಅಲ್ಲಿಂದ ಯೆಶಾಯ 56ಕ್ಕೆ ಬನ್ನಿ. ಅದೇ ನಪುಂಸಕನು ‘ನಾನು ಒಣಗಿದ ಮರ’ ಎಂದು ಹೇಳಿಕೊಳ್ಳಬಾರದು ಎಂದು ಪ್ರವಾದಿ ತಡೆಯುತ್ತಾನೆ. ದೇವರ ಮನೆಯೊಳಗೆ, ಗೋಡೆಗಳ ಒಳಗೆ, ಗಂಡುಹೆಣ್ಣು ಮಕ್ಕಳಿಂದ ಬರುವ ಹೆಸರಿಗಿಂತ ಮೇಲಾದ ಹೆಸರು ಅವನಿಗೆ ಸಿಗುತ್ತದೆ ಎನ್ನುತ್ತಾನೆ. ಆಮೇಲೆ ಅಪೊಸ್ತಲರ ಕೃತ್ಯಗಳು 8. ಯೆರೂಸಲೇಮಿಗೆ ಆರಾಧನೆಗೆ ಹೋಗಿ ವಾಪಸು ಬರುತ್ತಿರುವ ಐಥಿಯೋಪ್ಯದ ಕಂಚುಕಿ (ನಪುಂಸಕ ಅಧಿಕಾರಿ) ರಥದಲ್ಲಿ ಕೂತು ಓದುತ್ತಿರುವುದು ಅದೇ ಯೆಶಾಯನ ಪುಸ್ತಕವನ್ನು. ದಾರಿಯಲ್ಲಿ ನೀರು ಕಂಡಾಗ ತನಗೆ ದೀಕ್ಷಾಸ್ನಾನವಾಗಲು ಅಡ್ಡಿಯೇನು ಎಂದು ಜೊತೆಗಿದ್ದ ಸುವಾರ್ತಿಕ ಫಿಲಿಪ್ಪನನ್ನು ಕೇಳುತ್ತಾನೆ. ಅಡ್ಡಿ ಏನೆಂದು ಆ ಕಾಲದ ಯಾವ ಯೆಹೂದ್ಯನಾದರೂ ಹೇಳಬಹುದಿತ್ತು. ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ 37ನೇ ವಚನ, ಅಂದರೆ ಫಿಲಿಪ್ಪ ಹಾಕುವ ಷರತ್ತಿನ ಮಾತು, ಇಲ್ಲವೇ ಇಲ್ಲ. ಪ್ರಶ್ನೆ ಮುಗಿದೊಡನೆ ಇಬ್ಬರೂ ನೀರಿಗಿಳಿಯುತ್ತಾರೆ. ಆ ಕಂಚುಕಿಯೂ ಇಂದಿನ ಟ್ರಾನ್ಸ್ ಮಹಿಳೆಯೂ ಒಂದೇ ಎಂದು ವಾದಿಸಬೇಡಿ, ಅದು ಸರಿಯೂ ಅಲ್ಲ. ದೇಹದ ಕಾರಣಕ್ಕೆ ಹೊರಗಿಟ್ಟವರ ವಿಷಯದಲ್ಲಿ ಸತ್ಯವೇದ ಯಾವ ದಿಕ್ಕಿಗೆ ನಡೆಯುತ್ತದೆ ಎಂಬುದನ್ನು ತೋರಿಸಿದರೆ ಸಾಕು.

ಸಲಿಂಗ ಸಂಬಂಧದ ವಿಷಯ ಬೇರೆ, ಅಲ್ಲಿ ಭಿನ್ನಮತ ಇನ್ನೂ ಆಳ. ಯಾಜಕಕಾಂಡ 18:22 ಮತ್ತು 20:13, ರೋಮಾಪುರದವರಿಗೆ 1:26–27, 1 ಕೊರಿಂಥ 6:9, 1 ತಿಮೊಥೆ 1:10, ಜೊತೆಗೆ ಸೊದೋಮಿನ ಕಥೆ: ವಾದವೆಲ್ಲ ಇಷ್ಟರ ಸುತ್ತ. ಸೊದೋಮಿನ ತಪ್ಪು ಏನೆಂದು ಯೆಹೆಜ್ಕೇಲ 16:49 ತಾನೇ ಹೇಳುತ್ತದೆ: ಸೊಕ್ಕು, ಹೊಟ್ಟೆತುಂಬಿದ ನೆಮ್ಮದಿ, ಬಡವರ ಕೈಹಿಡಿಯದಿರುವುದು. ಕೊರಿಂಥದ ಪತ್ರದಲ್ಲಿ ಪೌಲ ಬಳಸಿದ ‘ಅರ್ಸೆನೊಕೊಯ್ತಾಯ್’ ಎಂಬ ಗ್ರೀಕ್ ಪದ ಅವನಿಗಿಂತ ಹಿಂದೆ ಎಲ್ಲೂ ಸಿಕ್ಕಿಲ್ಲ. ‘ಗಂಡು’, ‘ಹಾಸಿಗೆ’ ಎಂಬ ಎರಡು ಪದ ಸೇರಿ ಆದದ್ದು. ಅದು ಪರಸ್ಪರ ಪ್ರೀತಿಸುವ ಇಬ್ಬರ ಬಗ್ಗೆಯೋ ದಾಸರನ್ನೂ ಹುಡುಗರನ್ನೂ ಬಳಸಿಕೊಳ್ಳುವವರ ಬಗ್ಗೆಯೋ ಎಂದು ವಿದ್ವಾಂಸರು ಇಂದಿಗೂ ಒಪ್ಪಿಲ್ಲ. ನನ್ನ ಓದಿನಲ್ಲಿ ಈ ವಚನಗಳು ನಿಷ್ಠೆಯಿಂದ ಜೊತೆ ಬಾಳುವವರನ್ನು ಖಂಡಿಸಲು ಬರೆದವಲ್ಲ. ನಿಮ್ಮ ಕಮಿಟಿಯಲ್ಲಿ ಎಲ್ಲರೂ ಇದನ್ನು ಒಪ್ಪಲಿಕ್ಕಿಲ್ಲ. ಒಪ್ಪದವರೂ ಬೆಂಚಿನಲ್ಲಿ ಜಾಗ ಕೊಡಬಹುದು, ಗುಟ್ಟು ಕಾಯಬಹುದು, ಆ ಹುಡುಗನನ್ನು ಬಲವಂತದ ಮದುವೆಯಿಂದ ಉಳಿಸಬಹುದು.

ಆ ಹುಡುಗನ ವಿಷಯ ಅವಸರದ್ದು. ಮೊದಲು ಅಯ್ಯನವರು ತಂದೆತಾಯಿಗೆ ಸ್ಪಷ್ಟವಾಗಿ ಹೇಳಲಿ: ಮದುವೆ ಇದಕ್ಕೆ ಔಷಧವಲ್ಲ. ಇನ್ನೊಂದು ಮನೆಯ ಹೆಣ್ಣುಮಗಳನ್ನು ತಿಳಿಯದಂತೆ ಇದಕ್ಕೆ ತಂದು ಕಟ್ಟುವುದು ಅವಳಿಗೆ ಮಾಡುವ ಮೋಸ. ಮುಂದೆ ಅದು ಕೋರ್ಟು, ವಿಚ್ಛೇದನ ಎಂದು ಎರಡು ಮನೆಯನ್ನೂ ಬೀದಿಗೆ ತರುತ್ತದೆ. ನಿಮ್ಮ ಸಭೆಯಲ್ಲಿ ಮದುವೆಯ ಪ್ರಕಟಣೆ ಓದುವ ಮೊದಲು ಹುಡುಗ, ಹುಡುಗಿ ಇಬ್ಬರನ್ನೂ ಬೇರೆ ಬೇರೆಯಾಗಿ, ಮನೆಯವರು ಯಾರೂ ಇಲ್ಲದೆ ಕೂರಿಸಿ, ‘ನಿನಗೆ ಮನಸ್ಸಿದೆಯಾ?’ ಎಂದು ಕೇಳುವ ಪದ್ಧತಿ ಇಲ್ಲದಿದ್ದರೆ ಈಗಲೇ ಶುರುಮಾಡಿ. ಎಲ್ಲ ಮದುವೆಗೂ ಮಾಡಿ, ಆಗ ಯಾರ ಮೇಲೂ ಬೆರಳು ತೋರಿಸಿದಂತೆ ಆಗುವುದಿಲ್ಲ.

ಎರಡನೆಯದು ‘ಬಿಡುಗಡೆ ಪ್ರಾರ್ಥನೆ’. ದೆವ್ವ ಬಿಡಿಸುತ್ತೇವೆ, ಉಪವಾಸ ಕೂರಿಸಿ ಸರಿಮಾಡುತ್ತೇವೆ ಎನ್ನುವ ಗುಂಪುಗಳಿಗೆ ಆ ಹುಡುಗನನ್ನು ಒಪ್ಪಿಸಬೇಡಿ. ಸಲಿಂಗ ಆಕರ್ಷಣೆ ಮಾನಸಿಕ ರೋಗವಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಸಾರಿದೆ. ಅದೇ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಲೈಂಗಿಕ ಒಲವನ್ನು ‘ಸರಿಪಡಿಸುವ’ ಚಿಕಿತ್ಸೆಗಳನ್ನು ನಿಷೇಧಿಸುವ ನಿರ್ದೇಶನ ಕೊಟ್ಟಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಚಿಕಿತ್ಸೆ ಕೊಡುವುದು ವೈದ್ಯರಿಗೆ ವೃತ್ತಿ ದುರ್ನಡತೆ ಎಂದು ರಾಜ್ಯ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. ಡಾಕ್ಟರು ಮಾಡಬಾರದ್ದನ್ನು ಪ್ರಾರ್ಥನೆಯ ಹೆಸರಿನಲ್ಲಿ ಮಾಡಿದರೆ ಗಾಯ ಕಡಿಮೆಯಾಗುವುದಿಲ್ಲ. ‘ಪ್ರಾರ್ಥಿಸಿದೆ, ದೇವರು ಬದಲಿಸಲಿಲ್ಲ, ಹಾಗಾದರೆ ದೇವರಿಗೇ ನಾನು ಬೇಡ’ ಎಂಬ ತೀರ್ಮಾನಕ್ಕೆ ಹುಡುಗ ಬರುತ್ತಾನೆ. ಸಾವಿನ ಮಾತಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬನನ್ನೇ ಬಿಡದೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮೂರನೆಯದು, ಸಭೆಯ ವಾಟ್ಸ್ಆ್ಯಪ್ ಗ್ರೂಪು. ‘ಇಂಥವರ ಮಗನಿಗೆ ಒಂದು ವಿಶೇಷ ಸಮಸ್ಯೆ, ಎಲ್ಲರೂ ಪ್ರಾರ್ಥಿಸಿರಿ’ ಎಂಬ ಒಂದು ಸಾಲು ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಹುಡುಗ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಅವನ ಕೈಯಲ್ಲಿರಬೇಕು. ಅಯ್ಯನವರು ತಮ್ಮ ಹೆಂಡತಿಗೂ ಕಮಿಟಿಗೂ ಹೇಳಬಾರದು. ನಿಮಗೆ ಈಗಾಗಲೇ ಗೊತ್ತಾಗಿದೆ ಎಂದರೆ ಎಲ್ಲೋ ಒಂದು ಕಡೆ ಸೋರಿದೆ, ನಿಮ್ಮಲ್ಲಿಗೆ ನಿಲ್ಲಲಿ. ತಂದೆತಾಯಿಯೂ ದುಃಖದಲ್ಲಿದ್ದಾರೆ, ಅವರಿಗೂ ಒಂದು ಹೆಗಲು ಬೇಕು. ಬೆಂಗಳೂರಿನಲ್ಲಿ 1994ರಿಂದ ‘ಗುಡ್ ಆ್ಯಸ್ ಯೂ’ ಎಂಬ ಬೆಂಬಲ ಗುಂಪು, 1999ರಿಂದ ‘ಸಂಗಮ’ ಸಂಸ್ಥೆ ಈ ಸಮುದಾಯದ ನಡುವೆ ಇವೆ. ಇಂಥ ಮಕ್ಕಳ ತಂದೆತಾಯಿಯರೇ ಕಟ್ಟಿಕೊಂಡ ‘ಸ್ವೀಕಾರ್’ ಎಂಬ ಬಳಗವೂ ಇದೆ.

ಈಗ ಕಮಿಟಿಯನ್ನು ಹೇಗೆ ಜೊತೆಗೆ ಕರೆದುಕೊಂಡು ಹೋಗುವುದು. ಮುಂದಿನ ಮೀಟಿಂಗಿನಲ್ಲೇ ‘ಸೇರಿಸಿಕೊಳ್ಳಬೇಕೋ ಬೇಡವೋ’ ಎಂದು ಕೈ ಎತ್ತಿಸಬೇಡಿ. ಕೈ ಎತ್ತಿದ ಮೇಲೆ ಮನುಷ್ಯ ತನ್ನ ಮತಕ್ಕೆ ಅಂಟಿಕೊಳ್ಳುತ್ತಾನೆ, ಆಮೇಲೆ ಕಲಿಯುವುದಿಲ್ಲ. ಅಮೆರಿಕದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 1985ರಲ್ಲಿ ತನ್ನ ಸ್ಥಳೀಯ ಸಭೆಗಳಿಗೆ, ನೀವು ಎಲ್ಲರಿಗೂ ತೆರೆದಿದ್ದೀರಿ ಎಂದು ಬಹಿರಂಗವಾಗಿ ಸಾರಿರಿ ಎಂದು ಕರೆಕೊಟ್ಟಿತು. ಅಲ್ಲಿನ ಸಭೆಗಳ ರೂಢಿ ಮೊದಲು ಅಧ್ಯಯನ, ಮಾತುಕತೆ, ಕೊನೆಗೆ ಮತ. ನಿಮ್ಮಲ್ಲಿ ಆರು ಕೂಟ, ಒಂದೊಂದು ಒಂದೂವರೆ ಗಂಟೆ, ಹದಿನೈದು ದಿನಕ್ಕೊಮ್ಮೆ ಸಾಕು. ಕಮಿಟಿ, ಸ್ತ್ರೀಯರ ಕೂಟ, ಯುವಜನ ಕೂಟ, ಸಂಡೇ ಸ್ಕೂಲ್ ಟೀಚರುಗಳು ಇರಲಿ. ಮೊದಲ ಕೂಟಕ್ಕೆ ಮನೋವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ಕರೆಸಿ, ಪದಗಳ ಅರ್ಥವೇ ಗೊತ್ತಿಲ್ಲದೆ ಚರ್ಚೆ ಬೇಡ. ಎರಡು ಕೂಟ ಸತ್ಯವೇದಕ್ಕೆ, ಒಂದು ಕಾನೂನಿಗೆ, ಉಳಿದ ಎರಡು ನಿಮ್ಮ ಸಭೆಯ ನಿಜವಾದ ಸಂಗತಿಗಳಿಗೆ. ಯಾರನ್ನಾದರೂ ಅನುಭವ ಹೇಳಲು ಕರೆದರೆ ದಾರಿಖರ್ಚು, ಗೌರವಧನ ಕೊಡಿ. ನಿಮ್ಮ ಸಭೆಗೆ ಬಂದಿರುವ ಈ ಮಹಿಳೆಯನ್ನು ಮಾತ್ರ ಯಾವ ಕಾರಣಕ್ಕೂ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಬೇಡಿ. ಅವರು ಬಂದದ್ದು ಆರಾಧನೆಗೆ.

ನಿಮ್ಮಿಂದ ಆಗದ್ದನ್ನೂ ಮುಚ್ಚಿಡದೆ ಹೇಳಿ. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಯನ್ನು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಮಾಡಿಸಲು ಬರುವುದಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಅದೇ ತೀರ್ಪಿನಲ್ಲಿ, ಟ್ರಾನ್ಸ್ ಮಹಿಳೆ ಪುರುಷನನ್ನೋ ಟ್ರಾನ್ಸ್ ಪುರುಷ ಮಹಿಳೆಯನ್ನೋ ಈಗಿರುವ ಕಾನೂನಿನಡಿ ಮದುವೆಯಾಗಬಹುದು ಎಂದೂ ಹೇಳಿತು. ಸಭೆಯೊಳಗೆ ಅಂಥ ಮದುವೆ ನಡೆಸುವುದು ಬಿಷಪರ ತೀರ್ಮಾನ. ಕ್ವಾಯರ್‌ನಲ್ಲಿ ಹಾಡಬಹುದೇ, ವಾಚನ ಓದಬಹುದೇ, ಕಮಿಟಿ ಚುನಾವಣೆಗೆ ನಿಲ್ಲಬಹುದೇ ಎಂಬುದಕ್ಕೂ ಈಗಲೇ ಉತ್ತರ ಸಿದ್ಧವಿರಲಿ. ಎರಡು ವರ್ಷ ‘ಬನ್ನಿ ಬನ್ನಿ’ ಎಂದು, ಹಾಡಲು ಹೋದ ದಿನ ‘ಅದು ಮಾತ್ರ ಬೇಡ’ ಎನ್ನುವುದಕ್ಕಿಂತ ಮೊದಲೇ ಹೇಳುವುದು ಮೇಲು. ನನ್ನನ್ನು ಕೇಳಿದರೆ ಹಾಡಲಿ. ಹಳೆಯ ಕ್ವಾಯರಿನವರು, ಕನ್ನಡ ಕೀರ್ತನೆಗಳು ಬಾಯಿಪಾಠ ಇರುತ್ತವೆ. ಧ್ವನಿ ಪುರುಷರ ಶ್ರುತಿಗೆ ಹೊಂದಿದರೆ ಆ ಭಾಗವನ್ನೇ ಹಾಡಲಿ, ನಿಲ್ಲುವುದು ಹೆಂಗಸರ ಸಾಲಿನಲ್ಲಿ. ಸಂಡೇ ಸ್ಕೂಲಿನಲ್ಲಿ ಕಲಿಸಲು ಬಂದರೆ ಮಕ್ಕಳ ರಕ್ಷಣೆಯ ನಿಯಮ ಎಲ್ಲ ಟೀಚರುಗಳಿಗೆ ಏನಿದೆಯೋ ಅದೇ: ಯಾವ ತರಗತಿಯಲ್ಲೂ ಒಬ್ಬರೇ ದೊಡ್ಡವರು ಇರಬಾರದು, ಬಾಗಿಲು ತೆರೆದಿರಬೇಕು.

ಹೊಟ್ಟೆಪಾಡಿನ ಪ್ರಶ್ನೆಯನ್ನು ಯಾರಾದರೂ ಎತ್ತುತ್ತಾರೆ. ಮನೆಯಿಂದ ಹೊರಬಿದ್ದ ಟ್ರಾನ್ಸ್ ಮಹಿಳೆಯರಲ್ಲಿ ಅನೇಕರು ಹಮಾಮಿನಲ್ಲಿ, ಅಂದರೆ ತಮ್ಮಂಥವರೇ ಕೂಡಿ ಬಾಳುವ ಮನೆಯಲ್ಲಿ, ಗುರುವಿನ ಆಸರೆಯಲ್ಲಿ ಬದುಕುತ್ತಾರೆ, ಭಿಕ್ಷೆ ಅಥವಾ ಲೈಂಗಿಕ ವೃತ್ತಿ ಬಿಟ್ಟರೆ ಬೇರೆ ದಾರಿ ಸಿಕ್ಕಿರುವುದಿಲ್ಲ. ‘ಅದನ್ನು ಬಿಟ್ಟು ಬಾ’ ಎನ್ನುವ ಮೊದಲು ನಿಮ್ಮ ಡಯಾಸಿಸ್ಸಿನ ಶಾಲೆ, ಹಾಸ್ಟೆಲ್, ಆಸ್ಪತ್ರೆಯಲ್ಲಿ ಒಂದು ಕೆಲಸ ಇದೆಯೇ ಕೇಳಿ ನೋಡಿ. ಕರ್ನಾಟಕ ಸರ್ಕಾರ 2021ರಿಂದ ಸರ್ಕಾರಿ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇ. 1 ಮೀಸಲಾತಿ ಕೊಟ್ಟಿದೆ, ಮೈತ್ರಿ ಯೋಜನೆಯಡಿ ತಿಂಗಳ ಪಿಂಚಣಿಯೂ ಇದೆ. ಅರ್ಜಿ ತುಂಬಲು, ನಾಡಕಚೇರಿಗೆ ಜೊತೆಗೆ ಹೋಗಲು ಯುವಜನ ಕೂಟದಿಂದ ಒಬ್ಬರು ಸಿಕ್ಕರೆ ಅದು ಪ್ರಾರ್ಥನಾ ಕೂಟದಷ್ಟೇ ದೊಡ್ಡ ಸೇವೆ.

ನೀವು ಕೇಳದ ಒಂದು ವಿಷಯ ಉಳಿದಿದೆ, ಸಮಾಧಿ. ಮನೆಯವರು ಇಡೀ ಜೀವಮಾನ ದೂರವಿಟ್ಟು, ಸತ್ತ ಮೇಲೆ ದೇಹ ಕೇಳಿಕೊಂಡು ಬಂದು, ಕೂದಲು ಕತ್ತರಿಸಿ, ಪ್ಯಾಂಟು ಶರಟು ತೊಡಿಸಿ, ಹಳೆಯ ಹೆಸರಿನಲ್ಲಿ ಮಣ್ಣು ಮಾಡುವುದು ಟ್ರಾನ್ಸ್ ಮಹಿಳೆಯರು ಅತಿಯಾಗಿ ಹೆದರುವ ಸಂಗತಿ. ವಿಶ್ವಾಸ ಬೆಳೆದ ಮೇಲೆ ಅಯ್ಯನವರು ಅವರನ್ನು ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಲಿ: ಯಾರಿಗೆ ಸುದ್ದಿ ಮುಟ್ಟಿಸಬೇಕು, ಯಾವ ಸೀರೆ, ಹಮಾಮಿನವರು ಎಲ್ಲಿ ನಿಲ್ಲಬೇಕು, ಯಾವ ಕೀರ್ತನೆ, ಶಿಲುಬೆಯ ಮೇಲೆ ಯಾವ ಹೆಸರು. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಒಂದು ಪ್ರತಿ ಅವರ ಬಳಿ, ಒಂದು ಪ್ರತಿ ಸಭೆಯ ಬೀರುವಿನಲ್ಲಿ ಇಡಿ. ಅಯ್ಯನವರಿಗೆ ವರ್ಗವಾದಾಗ ಹೊಸಬರಿಗೆ ರಿಜಿಸ್ಟರುಗಳ ಜೊತೆ ಆ ಹಾಳೆಯನ್ನೂ ಒಪ್ಪಿಸಬೇಕು.